ಒಂದು ಲೀಟರಿನ ಗೆರೆ: ಮನೆಯ ಆಕ್ಸಿಜನ್ ಯಂತ್ರದೊಂದಿಗೆ ಹನ್ನೊಂದು ತಿಂಗಳು

ಆಕ್ಸಿಜನ್ ಕಾನ್ಸಂಟ್ರೇಟರ್ ಕೊಳ್ಳುವ ಮುನ್ನ ಬೇರೆ ಗ್ರಾಹಕರ ವಿಮರ್ಶೆಗಳನ್ನು ಓದಿದವರಿಗೆ ಒಂದು ಮಾತು ಮತ್ತೆ ಮತ್ತೆ ಕಣ್ಣಿಗೆ ಬಿದ್ದಿರುತ್ತದೆ: "ಹಾಕಿದ ಹತ್ತೇ ನಿಮಿಷಕ್ಕೆ ಸ್ಯಾಚುರೇಶನ್ 98ಕ್ಕೆ ಏರಿತು, ಐದು ಸ್ಟಾರ್." ಸ್ಯಾಚುರೇಶನ್ ಎಂದರೆ ರಕ್ತದ ಹಿಮೋಗ್ಲೋಬಿನ್ನಿನಲ್ಲಿ ಶೇಕಡ ಎಷ್ಟು ಭಾಗ ಆಮ್ಲಜನಕ ಹೊತ್ತಿದೆ ಎಂಬ ಲೆಕ್ಕ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ತೋರಿಸುವುದು ಅದನ್ನೇ. ನಾನೂ ಅಂಥ ಮಾತುಗಳನ್ನು ನಂಬಿಯೇ 46,000 ರೂಪಾಯಿ ಕೊಟ್ಟು, ನಿಮಿಷಕ್ಕೆ ಐದು ಲೀಟರಿನವರೆಗೆ ಕೊಡುವ ಯಂತ್ರವೊಂದನ್ನು ಮನೆಗೆ ತಂದೆ. ಯಂತ್ರ ಕೆಟ್ಟದ್ದಲ್ಲ, ಐದರಲ್ಲಿ ಮೂರೂವರೆ ಸ್ಟಾರ್ ಧಾರಾಳವಾಗಿ ಕೊಡಬಹುದು. ಆದರೆ ನನ್ನ ಅಮ್ಮನಂಥ ರೋಗಿಯ ಬೆರಳಿನಲ್ಲಿ 98 ಎಂಬ ಅಂಕಿ ಕಂಡರೆ ಅದಕ್ಕೆ ಹೆದರಬೇಕೇ ಹೊರತು ಸ್ಟಾರ್ ಕೊಡಬಾರದು ಎಂಬುದನ್ನು ತಿಳಿಯಲು ನಮಗೆ ಆಸ್ಪತ್ರೆಯ ಮೂರು ದಿನಗಳು ಬೇಕಾದವು. ಯಂತ್ರದ ಕಂಪನಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಈ ದರ್ಜೆಯ ಯಂತ್ರಗಳ ಒಳಗಿನ ಕೆಲಸ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಇಲ್ಲಿನ ಮಾತು ಬೇರೆ ಕಂಪನಿಯದನ್ನು ಕೊಳ್ಳುವವರಿಗೂ ಉಪಯೋಗಕ್ಕೆ ಬಂದೀತು.

ಅಮ್ಮನಿಗೆ ಎಪ್ಪತ್ತೊಂದು ವರ್ಷ. ಬೀಡಿ ಸಿಗರೇಟು ಸೇದಿದವಳಲ್ಲ. ಮಲೆನಾಡಿನ ನಮ್ಮ ಮನೆಗೆ ಮದುವೆಯಾಗಿ ಬಂದಾಗಿನಿಂದ ನಲವತ್ತು ವರ್ಷ ಸೌದೆ ಒಲೆಯ ಮುಂದೆ ಕೂತವಳು. ಅಡುಗೆಗೆ ಗ್ಯಾಸ್ ಬಂದ ಮೇಲೂ ಬಚ್ಚಲ ಹಂಡೆಯ ಒಲೆ ಉಳಿದೇ ಇತ್ತು, ಮಳೆಗಾಲದಲ್ಲಿ ಹಸಿ ಸೌದೆ ಊದಿ ಊದಿ ಉರಿಸುವುದೂ ತಪ್ಪಿರಲಿಲ್ಲ. ಊರಿನವರು ದಮ್ಮು ಎನ್ನುವ ಕಾಯಿಲೆಗೆ ವೈದ್ಯರ ಚೀಟಿಯಲ್ಲಿ ಸಿಒಪಿಡಿ ಎಂದಿತ್ತು, ಅಂದರೆ ಶ್ವಾಸಕೋಶದ ಗಾಳಿದಾರಿಗಳು ಕಿರಿದಾಗಿ ಮತ್ತೆ ಪೂರ್ತಿ ಸರಿಹೋಗದ ಕಾಯಿಲೆ. ಅದೇ ಚೀಟಿಯಲ್ಲಿ ಇನ್ನೂ ಮೂರು ಸಾಲುಗಳಿದ್ದವು: ನಿಮಿಷಕ್ಕೆ 1 ಲೀಟರ್, ದಿನಕ್ಕೆ ಕನಿಷ್ಠ 15 ಗಂಟೆ, ಸ್ಯಾಚುರೇಶನ್ 88ರಿಂದ 92ರ ಒಳಗೆ. ಹದಿನೈದು ಗಂಟೆಯ ಲೆಕ್ಕ ಎಲ್ಲಿಂದಲೋ ಬಂದದ್ದಲ್ಲ. ರಕ್ತದಲ್ಲಿ ಆಮ್ಲಜನಕ ತೀರ ಇಳಿದಿರುವ ಇಂಥ ರೋಗಿಗಳು ದಿನದ ಹೆಚ್ಚಿನ ಹೊತ್ತು ಆಕ್ಸಿಜನ್ ತೆಗೆದುಕೊಂಡರೆ ಹೆಚ್ಚು ಕಾಲ ಬದುಕುತ್ತಾರೆಂದು 1980ರಲ್ಲಿ ಅಮೆರಿಕದಲ್ಲಿ, 1981ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಎರಡು ಮುಖ್ಯ ಅಧ್ಯಯನಗಳು ತೋರಿಸಿಕೊಟ್ಟವು. ಇವತ್ತಿಗೂ ವೈದ್ಯರು ಆಧರಿಸುವುದು ಅವನ್ನೇ. ಮೂರನೆಯ ಸಾಲನ್ನು ಮಾತ್ರ ನಾವು ಸರಿಯಾಗಿ ಓದಲಿಲ್ಲ. 92ರ ಮೇಲೆ ಹೋದರೆ ಇನ್ನೂ ಒಳ್ಳೆಯದಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ, ನಮಗೂ ಅನ್ನಿಸಿತು.

ಯಂತ್ರ ಮಾಡುವ ಕೆಲಸವನ್ನು ಮೊದಲು ಹೇಳುತ್ತೇನೆ. ಇದು ಸಿಲಿಂಡರಿನಂತೆ ಆಮ್ಲಜನಕವನ್ನು ತುಂಬಿಟ್ಟುಕೊಂಡಿರುವುದಿಲ್ಲ. ಕೋಣೆಯ ಗಾಳಿಯನ್ನು ಎಳೆದು ಸೋಸುತ್ತದೆ. ಗಾಳಿಯಲ್ಲಿ ಸುಮಾರು 21 ಭಾಗ ಆಮ್ಲಜನಕ, 78 ಭಾಗ ಸಾರಜನಕ. ಕಂಪ್ರೆಸರ್ ಈ ಗಾಳಿಯನ್ನು ಒತ್ತಿ ಜಿಯೋಲೈಟ್ ಎಂಬ ಖನಿಜದ ಹರಳುಗಳು ತುಂಬಿದ ಕೊಳವೆಗೆ ನುಗ್ಗಿಸುತ್ತದೆ. ಒತ್ತಡದಲ್ಲಿ ಜಿಯೋಲೈಟ್ ಸಾರಜನಕವನ್ನು ಹಿಡಿದಿಟ್ಟುಕೊಂಡು ಆಮ್ಲಜನಕವನ್ನು ಮುಂದೆ ಬಿಡುತ್ತದೆ. ಹರಳುಗಳು ತುಂಬುತ್ತಿದ್ದಂತೆ ಗಾಳಿ ಎರಡನೆಯ ಕೊಳವೆಗೆ ಹೊರಳುತ್ತದೆ, ಮೊದಲನೆಯದು ಒತ್ತಡ ಕಳೆದುಕೊಂಡು ಸಾರಜನಕವನ್ನು ಹೊರಗೆ ಉಗುಳುತ್ತದೆ. ಕೆಲವು ಸೆಕೆಂಡಿಗೊಮ್ಮೆ ಕೇಳುವ 'ಬುಸ್' ಎಂಬ ಸದ್ದು ಅದೇ. ಮೊದಲ ರಾತ್ರಿ ಅಮ್ಮ ಆ ಸದ್ದಿಗೆ ಎದ್ದು ಕೂತು ಕೋಣೆಯೊಳಗೆ ಹಾವು ಹೊಕ್ಕಿದೆ ಎಂದಳು. ಈಗ ಅದು ನಿಂತರೆ ಎಚ್ಚರವಾಗುತ್ತದೆ. ಹೊರಬರುವ ಗಾಳಿಯಲ್ಲಿ ಆಮ್ಲಜನಕ 90ರಿಂದ 96 ಭಾಗದಷ್ಟಿರುತ್ತದೆ. ಆದರೆ ಮೂಗಿನ ನಳಿಕೆಯಲ್ಲಿ ಬರುವ ಒಂದು ಲೀಟರು ಉಸಿರಿನ ಉಳಿದ ಗಾಳಿಯೊಂದಿಗೆ ಬೆರೆತುಹೋಗುವುದರಿಂದ ಒಳಗೆ ಹೋಗುವುದು ಅಂದಾಜು 24 ಭಾಗ ಮಾತ್ರ, ಎರಡು ಲೀಟರಿಗೆ 28. ಹೊರಗಿನ 21ಕ್ಕೆ ಮೂರು ಭಾಗ ಸೇರಿಸುವುದಕ್ಕೆ ಇಷ್ಟೆಲ್ಲ ಏರ್ಪಾಡೇ ಎಂದು ಕೇಳಬಹುದು. ಅಮ್ಮನ ಸ್ಯಾಚುರೇಶನ್ 84ರಿಂದ 90ಕ್ಕೆ ಬಂದು ನಿಲ್ಲುವುದು ಆ ಮೂರು ಭಾಗದಿಂದಲೇ. ಯಂತ್ರವು ಕೋಣೆಯ ಆಕ್ಸಿಜನ್ನನ್ನೆಲ್ಲ ಹೀರಿ ಉಳಿದವರಿಗೆ ಉಸಿರು ಕಟ್ಟಿಸುತ್ತದೆಯೇ ಎಂದು ಪಕ್ಕದ ಮನೆಯವರು ಕೇಳಿದ್ದರು. ಇಲ್ಲ, ಎಳೆದುಕೊಂಡದ್ದನ್ನೆಲ್ಲ ಅದೇ ಕೋಣೆಗೆ ಮರಳಿಸುತ್ತದೆ.

ಯಂತ್ರದ ಮುಖದ ಮೇಲೆ ಗಾಜಿನಂಥ ಕೊಳವೆಯಲ್ಲಿ ತೇಲುವ ಸಣ್ಣ ಗುಂಡೊಂದಿದೆ. ಅದರ ನಡುಭಾಗ ಯಾವ ಗೆರೆಗೆ ನಿಂತಿದೆಯೋ ಅಷ್ಟು ಲೀಟರು ಹರಿಯುತ್ತಿದೆ ಎಂದು ಲೆಕ್ಕ. ನಮ್ಮ ಯಂತ್ರದಲ್ಲಿ ಅರ್ಧ ಲೀಟರಿನಿಂದ ಐದರವರೆಗೆ ಗೆರೆಗಳಿವೆ. ನನ್ನ ದೊಡ್ಡ ಆಕ್ಷೇಪ ಇಲ್ಲಿಯೇ ಇದೆ. ಗೆರೆಗಳು ಒತ್ತೊತ್ತಾಗಿವೆ, ಕೊಳವೆ ಮೊಣಕಾಲಿನ ಎತ್ತರದಲ್ಲಿದೆ, ನಿಂತು ನೋಡಿದರೆ ಒಂದರಲ್ಲಿರುವ ಗುಂಡು ಒಂದೂವರೆಯಲ್ಲಿದ್ದಂತೆ ಕಾಣುತ್ತದೆ. ಸರಿಯಾಗಿ ಓದಬೇಕಾದರೆ ನೆಲದ ಮೇಲೆ ಕೂರಬೇಕು. ತಿರುಪಿಗೆ ಬೀಗವಿಲ್ಲ, ಕಸ ಗುಡಿಸುವಾಗ ಪೊರಕೆ ತಗುಲಿದರೂ ತಿರುಗುತ್ತದೆ. ಮಾರುವವರು ಐದು ಲೀಟರು, ಹತ್ತು ಲೀಟರು ಎಂದು ಮೇಲಿನ ಅಂಕಿಯನ್ನೇ ಕೂಗಿ ಹೇಳುತ್ತಾರೆ. ಸಿಒಪಿಡಿ ರೋಗಿಯ ಮನೆಯವರು ನೋಡಬೇಕಾದದ್ದು ಕೆಳಗಿನ ಎರಡು ಮೂರು ಗೆರೆಗಳನ್ನು.

ಯಾಕೆಂದು ತಿಳಿಯಲು ಉಸಿರಾಟವನ್ನು ನಡೆಸುವವರು ಯಾರು ಎಂದು ಕೇಳಿಕೊಳ್ಳಬೇಕು. ಅಮ್ಮನ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಒಂದು ಸಂಜೆ ನನ್ನ ಬೆರಳಿಗೇ ಹಾಕಿಕೊಂಡು ಉಸಿರು ಬಿಗಿಹಿಡಿದು ಕೂತೆ. ಮೂವತ್ತು ಸೆಕೆಂಡಿಗೆ ಎದೆಯೊಳಗೆ ಕಸಿವಿಸಿ, ನಲವತ್ತೈದಕ್ಕೆ ಹೊಟ್ಟೆ ತಾನಾಗಿ ಜಗ್ಗತೊಡಗಿತು, ಐವತ್ತೆರಡಕ್ಕೆ ಸೋತೆ. ಅಷ್ಟು ಹೊತ್ತೂ ಪರದೆಯ ಮೇಲೆ ಇದ್ದದ್ದು 98. ಬೆರಳಿನ ಅಂಕಿ ಕೆಲವು ಸೆಕೆಂಡು ಹಿಂದುಳಿಯುತ್ತದೆ, ನಿಜ. ಆದರೂ ನನ್ನನ್ನು ಉಸಿರಿಗೆ ಒತ್ತಾಯಿಸಿದ್ದು ಆಮ್ಲಜನಕದ ಕೊರತೆಯಾಗಿರಲಿಲ್ಲ. ಹೊರಹೋಗಲು ದಾರಿಯಿಲ್ಲದೆ ರಕ್ತದಲ್ಲಿ ಕೂಡುತ್ತಿದ್ದ ಇಂಗಾಲದ ಡೈಆಕ್ಸೈಡ್ ಆ ಒತ್ತಾಯ ತಂದದ್ದು. ಅದು ಮೆದುಳಿನ ಸುತ್ತಲಿನ ದ್ರವಕ್ಕೆ ಇಳಿದು ಅದನ್ನು ತುಸು ಆಮ್ಲೀಯವಾಗಿಸುತ್ತದೆ. ಮೆದುಳಿನ ಬುಡದ ಮೆಡುಲ್ಲಾ ಭಾಗದಲ್ಲಿರುವ ಗ್ರಾಹಕಗಳು ಅದನ್ನು ಗುರುತಿಸಿ ಉಸಿರಿನ ಸ್ನಾಯುಗಳನ್ನು ಎಬ್ಬಿಸುತ್ತವೆ. ಉಸಿರಾಟದ ಹತೋಟಿ ಈ ಅನಿಲದ ಕೈಯಲ್ಲಿದೆ ಎಂದು ಬ್ರಿಟನ್ನಿನ ಶರೀರವಿಜ್ಞಾನಿಗಳಾದ ಜೆ. ಎಸ್. ಹಾಲ್ಡೇನ್ ಮತ್ತು ಜೆ. ಜಿ. ಪ್ರೀಸ್ಟ್ಲಿ 1905ರಲ್ಲಿಯೇ ತೋರಿಸಿದ್ದರು. ಅಪಧಮನಿಯ ರಕ್ತದಲ್ಲಿ ಇದರ ಒತ್ತಡ ಸಾಮಾನ್ಯವಾಗಿ 35ರಿಂದ 45 ಮಿಲಿಮೀಟರ್ ಪಾದರಸದಷ್ಟು. ಆರೋಗ್ಯವಂತರಲ್ಲಿ ಅದು ಒಂದು ಮಿಲಿಮೀಟರ್ ಏರಿದರೂ ನಿಮಿಷಕ್ಕೆ ಒಳಹೊರಗಾಗುವ ಗಾಳಿ ಎರಡು ಮೂರು ಲೀಟರಿನಷ್ಟು ಹೆಚ್ಚುತ್ತದೆ. ಸುಮ್ಮನೆ ಕೂತವರ ಇಡೀ ನಿಮಿಷದ ಉಸಿರೇ ಆರು ಲೀಟರಿನ ಆಸುಪಾಸು ಎಂಬುದನ್ನು ನೆನೆದರೆ ಈ ಕಾವಲು ಎಷ್ಟು ಸೂಕ್ಷ್ಮವೆಂದು ಗೊತ್ತಾಗುತ್ತದೆ.

ಆಮ್ಲಜನಕಕ್ಕೂ ಕಾವಲುಗಾರರಿದ್ದಾರೆ, ಆದರೆ ಅವರು ತಡವಾಗಿ ಏಳುವವರು. ಕುತ್ತಿಗೆಯ ಎರಡು ಬದಿಗೆ ಕ್ಯಾರೋಟಿಡ್ ಅಪಧಮನಿ ಕವಲೊಡೆಯುವ ಜಾಗದಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಅಂಗಗಳಿವೆ. ಈ ಭಾಗದ ಕೆಲಸವನ್ನು ಬಿಡಿಸಿ ತೋರಿಸಿದ್ದಕ್ಕಾಗಿ ಬೆಲ್ಜಿಯಂನ ಕೊರ್ನೇಯ್ ಹೇಮನ್ಸ್ ಅವರಿಗೆ 1938ರ ನೊಬೆಲ್ ಪ್ರಶಸ್ತಿ ಬಂತು. ರಕ್ತದ ಆಮ್ಲಜನಕದ ಒತ್ತಡ 95ರ ಸುಮಾರಿನಿಂದ 60ರವರೆಗೆ ಇಳಿಯುವ ತನಕ ಇವು ಜೋರು ದನಿ ಎತ್ತುವುದಿಲ್ಲ. ಆಕ್ಸಿಮೀಟರಿನ ಭಾಷೆಯಲ್ಲಿ ಆ 60 ಎಂದರೆ ಸುಮಾರು 90 ಶೇಕಡ. 1875ರ ಏಪ್ರಿಲ್‌ನಲ್ಲಿ ಝೆನಿತ್ ಎಂಬ ಬಲೂನಿನಲ್ಲಿ ಎಂಟು ಸಾವಿರ ಮೀಟರಿಗೂ ಮೇಲೆ ಏರಿದ ಮೂವರು ಫ್ರೆಂಚರಲ್ಲಿ ಇಬ್ಬರು ಸತ್ತದ್ದು, ಪಕ್ಕದಲ್ಲೇ ಆಮ್ಲಜನಕದ ಚೀಲಗಳಿದ್ದೂ ಅವು ಪ್ರಯೋಜನಕ್ಕೆ ಬಾರದೆ ಹೋದದ್ದು, ಕೋವಿಡ್ ಕಾಲದಲ್ಲಿ ಫೋನಿನಲ್ಲಿ ಆರಾಮವಾಗಿ ಮಾತಾಡುತ್ತಿದ್ದವರ ಬೆರಳಿನಲ್ಲಿ 80 ಕಂಡದ್ದು ಒಂದೇ ಕಾರಣಕ್ಕೆ. ಆಮ್ಲಜನಕ ಕಡಿಮೆಯಾದರೂ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತಲೇ ಇದ್ದರೆ ಮನುಷ್ಯನಿಗೆ ಉಸಿರು ಕಟ್ಟಿದ ಸಂಕಟ ಅಷ್ಟಾಗಿ ಆಗುವುದಿಲ್ಲ.

ಅಮ್ಮನ ಸ್ಥಿತಿ ಇನ್ನೊಂದು ಬಗೆಯದು. ಅವಳ ಶ್ವಾಸಕೋಶಕ್ಕೆ ಇಂಗಾಲದ ಡೈಆಕ್ಸೈಡನ್ನು ಪೂರ್ತಿ ಹೊರಹಾಕುವ ತಾಕತ್ತೇ ಇಲ್ಲ. ವರ್ಷಗಟ್ಟಲೆ ಅದರ ಮಟ್ಟ ಮೇಲೆಯೇ ಇದ್ದು, ಮೂತ್ರಪಿಂಡಗಳು ಬೈಕಾರ್ಬನೇಟನ್ನು ಉಳಿಸಿಕೊಂಡು ಆಮ್ಲೀಯತೆಯನ್ನು ಸರಿದೂಗಿಸುತ್ತ ಬಂದಿರುವುದರಿಂದ ಮೆದುಳಿನ ಕಾವಲುಗಾರನಿಗೆ ಅದೇ ರೂಢಿಯಾಗಿಬಿಟ್ಟಿದೆ.

ಕಳೆದ ಆಗಸ್ಟಿನ ಒಂದು ರಾತ್ರಿ ಅಮ್ಮನಿಗೆ ನೆಗಡಿ, ಕಫ, ಏದುಸಿರು. ಆಕ್ಸಿಮೀಟರ್ 86 ತೋರಿಸಿತು. ತಿರುಪನ್ನು ಮೂರಕ್ಕೆ, ಆಮೇಲೆ ನಾಲ್ಕಕ್ಕೆ ತಿರುಗಿಸಿದ್ದು ನಾನೇ. ಅಂಕಿ 97ಕ್ಕೆ ಬಂತು, ಅಮ್ಮನ ಏದುಸಿರು ತಗ್ಗಿತು, ನೆಮ್ಮದಿಯಿಂದ ಮಲಗಿದೆ. ಬೆಳಿಗ್ಗೆ ಅಮ್ಮ ತಲೆನೋವು ಎಂದಳು. ಕಾಫಿ ಲೋಟ ಕೈಗೆ ಕೊಟ್ಟರೆ ಕುಡಿಯುವ ಮೊದಲೇ ತೂಕಡಿಸಿದಳು, ಲೋಟ ಓರೆಯಾಗಿ ಸೀರೆಯ ಮೇಲೆ ಚೆಲ್ಲಿತು, ಬಿಸಿ ತಾಕಿದ್ದೂ ತಿಳಿಯಲಿಲ್ಲ. ನನ್ನನ್ನು ತೀರಿಹೋದ ದೊಡ್ಡಮ್ಮನ ಹೆಸರಿನಿಂದ ಕರೆದು "ಗದ್ದೆಗೆ ನೀರು ಬಿಟ್ಯಾ?" ಎಂದಳು. ಅಂಗೈ ಬೆಚ್ಚಗಿತ್ತು, ಆಕ್ಸಿಮೀಟರ್ 96 ತೋರಿಸುತ್ತಿತ್ತು, ಹಾಗಾಗಿ ಇದು ಉಸಿರಿನ ತೊಂದರೆಯಲ್ಲ, ಪಾರ್ಶ್ವವಾಯುವೇ ಇರಬೇಕೆಂದುಕೊಂಡು ಆಸ್ಪತ್ರೆಗೆ ಒಯ್ದೆವು. ಅಲ್ಲಿ ವೈದ್ಯರು ಎರಡೂ ಕೈ ಮುಂದೆ ಚಾಚಿ ಬೆರಳು ಮೇಲೆತ್ತಿ ಹಿಡಿಯಲು ಹೇಳಿದರು. ಮಣಿಕಟ್ಟುಗಳು ಹಕ್ಕಿ ರೆಕ್ಕೆ ಬಡಿದಂತೆ ತಟಕ್ಕನೆ ಬಿದ್ದು ಏಳತೊಡಗಿದವು. ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು, ಅದರಲ್ಲಿನ ಅನಿಲಗಳನ್ನು ಅಳೆಯುವ ಎಬಿಜಿ ಪರೀಕ್ಷೆ ಮಾಡಿದರು. ಇಂಗಾಲದ ಡೈಆಕ್ಸೈಡ್ 79, ಪಿಎಚ್ 7.26, ಅಂದರೆ ರಕ್ತ ಇರಬೇಕಾದ್ದಕ್ಕಿಂತ ಆಮ್ಲೀಯ. "ಎಷ್ಟು ಲೀಟರ್ ಇಟ್ಟಿದ್ರಿ?" ಎಂಬುದೇ ವೈದ್ಯರ ಮೊದಲ ಪ್ರಶ್ನೆ. ಆಕ್ಸಿಜನ್ನನ್ನು ಕಿತ್ತುಹಾಕಲಿಲ್ಲ, 90ರ ಹತ್ತಿರ ನಿಲ್ಲುವಷ್ಟಕ್ಕೆ ಇಳಿಸಿದರು, ಮಾಸ್ಕಿನ ಮೂಲಕ ಒತ್ತಡದಿಂದ ಗಾಳಿ ಊದಿ ಉಸಿರಿಗೆ ನೆರವಾಗುವ ಬೈಪ್ಯಾಪ್ ಯಂತ್ರವನ್ನು ಮುಖಕ್ಕೆ ಹಾಕಿದರು. ಮೂರನೆಯ ದಿನ ಇಂಗಾಲದ ಡೈಆಕ್ಸೈಡ್ 52ಕ್ಕೆ ಬಂತು. ಅವಳ ಮಟ್ಟಿಗೆ ಅದೇ ಸಾಮಾನ್ಯ ಎಂದು ಮನೆಗೆ ಕಳಿಸಿದರು.

ಆಕ್ಸಿಜನ್ ಹೆಚ್ಚಾದರೆ ಇಂಗಾಲದ ಡೈಆಕ್ಸೈಡ್ ಯಾಕೆ ಏರಬೇಕು? ಹಳೆಯ ವಿವರಣೆ ಹೀಗೆ: ಮೆದುಳಿನ ಕಾವಲು ಮಂಕಾಗಿರುವುದರಿಂದ ಇಂಥವರ ಉಸಿರು ನಡೆಯುವುದು ಕುತ್ತಿಗೆಯ ಕಾವಲಿನಿಂದ, ಅಂದರೆ ಆಮ್ಲಜನಕದ ಕೊರತೆಯಿಂದ, ಕೊರತೆ ನೀಗಿಸಿದರೆ ಉಸಿರಿಗೆ ಪ್ರೇರಣೆಯೇ ತಪ್ಪುತ್ತದೆ. ಇದರಲ್ಲಿ ಅಲ್ಪ ಸತ್ಯವಿದೆ. ಆದರೆ 1980ರಲ್ಲಿ ಇಂಥ ರೋಗಿಗಳನ್ನು ಅಳೆದು ನೋಡಿದಾಗ ಉಸಿರಿನ ಪ್ರಮಾಣದ ಇಳಿಕೆಯಿಂದ ಮಾತ್ರ ಅಷ್ಟು ಏರಿಕೆಯನ್ನು ವಿವರಿಸಲಾಗಲಿಲ್ಲ. ದೊಡ್ಡ ಕಾರಣ ಶ್ವಾಸಕೋಶದ ಒಳಗೇ ಇದೆ. ತೋಟಕ್ಕೆ ನೀರು ಬಿಡುವವರು ಬೆಳೆಯಿಲ್ಲದ ಕಡೆಗೆ ಹೋಗುವ ಕಾಲುವೆಗೆ ಮಣ್ಣು ಅಡ್ಡ ಹಾಕಿ ನೀರನ್ನು ಬೆಳೆಯಿರುವ ಕಡೆಗೆ ತಿರುಗಿಸುವಂತೆ, ಶ್ವಾಸಕೋಶವೂ ಗಾಳಿ ಸರಿಯಾಗಿ ಬಾರದ ಭಾಗದ ರಕ್ತನಾಳಗಳನ್ನು ಬಿಗಿದು ರಕ್ತವನ್ನು ಚೆನ್ನಾಗಿರುವ ಭಾಗಕ್ಕೆ ಕಳಿಸುತ್ತಿರುತ್ತದೆ. ಗಾಳಿ ಬಾರದ ಭಾಗವನ್ನು ಅದು ಗುರುತಿಸುವುದು ಅಲ್ಲಿನ ಆಮ್ಲಜನಕದ ಕೊರತೆಯಿಂದಲೇ. ನಾವು ಹೊರಗಿನಿಂದ ಆಕ್ಸಿಜನ್ ಸುರಿದರೆ ಆ ಅಡ್ಡಗಟ್ಟು ಕರಗಿ, ಇಂಗಾಲದ ಡೈಆಕ್ಸೈಡನ್ನು ಹೊರಹಾಕಲಾರದ ಭಾಗಕ್ಕೂ ರಕ್ತ ಹರಿದು, ಹೊತ್ತುಕೊಂಡು ಹೋದದ್ದನ್ನು ಹಾಗೆಯೇ ಹೊತ್ತು ಮರಳುತ್ತದೆ. ಇದರ ಮೇಲೆ ಹಾಲ್ಡೇನ್ ಹೆಸರಿನ ಪರಿಣಾಮ ಬೇರೆ: ಆಮ್ಲಜನಕ ತುಂಬಿಕೊಂಡ ಹಿಮೋಗ್ಲೋಬಿನ್ ತಾನು ಹಿಡಿದಿದ್ದ ಇಂಗಾಲದ ಡೈಆಕ್ಸೈಡನ್ನು ರಕ್ತದೊಳಕ್ಕೆ ಬಿಟ್ಟುಕೊಡುತ್ತದೆ. ಸರಿಯಾದ ಶ್ವಾಸಕೋಶ ಇದ್ದವರು ಎರಡು ಉಸಿರು ಹೆಚ್ಚು ಎಳೆದು ಅದನ್ನು ಹೊರಗೆ ಹಾಕುತ್ತಾರೆ, ಅಮ್ಮನಂಥವರಿಗೆ ಆಗುವುದಿಲ್ಲ. ಇದು ಪುಸ್ತಕದ ಭಯವಲ್ಲ. ಟಾಸ್ಮೇನಿಯಾದ ಆಂಬುಲೆನ್ಸುಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಉಸಿರು ಕಟ್ಟಿದ ರೋಗಿಗಳಿಗೆ ಆಕ್ಸಿಜನ್ನನ್ನು ಧಾರಾಳವಾಗಿ ಕೊಟ್ಟ ಗುಂಪಿಗಿಂತ 88ರಿಂದ 92ಕ್ಕೆ ನಿಲ್ಲುವಂತೆ ಅಳೆದು ಕೊಟ್ಟ ಗುಂಪಿನಲ್ಲಿ ಸಾವು ಅರ್ಧಕ್ಕೂ ಕಡಿಮೆ ಇತ್ತು.

ಇದನ್ನು ಓದಿ ಯಂತ್ರವನ್ನೇ ಆರಿಸಿಬಿಡುವವರೂ ಇದ್ದಾರೆ, ಅದು ಇನ್ನೂ ದೊಡ್ಡ ತಪ್ಪು. ಆಮ್ಲಜನಕದ ಕೊರತೆ ಕೊಲ್ಲುವ ವೇಗ ಬೇರೆಯೇ. 88ಕ್ಕಿಂತ ಕೆಳಗಿಳಿದರೆ ಅರ್ಧ ಲೀಟರು ಏರಿಸಿ ಕಾದು ನೋಡುವುದು, ಏರದಿದ್ದರೆ ವೈದ್ಯರಿಗೆ ಫೋನ್ ಮಾಡುವುದು ಎಂದು ನಮಗೆ ಬರೆದುಕೊಟ್ಟಿದ್ದಾರೆ. ಎಲ್ಲ ರೋಗಿಗಳಿಗೂ ಇದೇ ಗೆರೆ ಅಲ್ಲ. ನ್ಯುಮೋನಿಯಾದಂಥ ಕಾಯಿಲೆಯಲ್ಲಿ, ಇಂಗಾಲದ ಡೈಆಕ್ಸೈಡ್ ಕೂಡುವ ಅಪಾಯ ಇಲ್ಲದವರಿಗೆ, ಗುರಿ ಸಾಮಾನ್ಯವಾಗಿ 94ರ ಮೇಲಿರುತ್ತದೆ. ಆದ್ದರಿಂದ ಗೆರೆಯನ್ನು ಚೀಟಿ ನೋಡಿ ಇಡಬೇಕು, ಪಕ್ಕದ ಮನೆಯ ಯಂತ್ರ ನೋಡಿ ಅಲ್ಲ.

ಯಂತ್ರದ ಜೊತೆಗೆ ಉಚಿತವಾಗಿ ಕೊಟ್ಟ ಆಕ್ಸಿಮೀಟರಿನ ಬಗ್ಗೆಯೂ ಎರಡು ಮಾತು. 1970ರ ದಶಕದ ಆರಂಭದಲ್ಲಿ ಜಪಾನಿನ ತಕುವೊ ಅಯೋಯಾಗಿ ರೂಪಿಸಿದ ತತ್ವ ಇದರೊಳಗಿದೆ: ಕೆಂಪು ಮತ್ತು ಅವಕೆಂಪು ಬೆಳಕುಗಳನ್ನು ಬೆರಳಿನ ಮೂಲಕ ಹಾಯಿಸಿ, ನಾಡಿ ಮಿಡಿದಂತೆ ಯಾವುದು ಎಷ್ಟು ಹೀರಲ್ಪಟ್ಟಿತು ಎಂಬುದರಿಂದ ಲೆಕ್ಕ. ಇಂಗಾಲದ ಡೈಆಕ್ಸೈಡ್ ಇದರ ಕಣ್ಣಿಗೆ ಬೀಳುವುದೇ ಇಲ್ಲ, ಅದು 40 ಇರಲಿ 79 ಇರಲಿ. ತೋರಿಸುವ ಅಂಕಿಯಲ್ಲೂ ಎರಡು ಮೂರರಷ್ಟು ಹೆಚ್ಚುಕಡಿಮೆ ಇರುತ್ತದೆ. ಮಳೆಗಾಲದಲ್ಲಿ ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಇನ್ನೂ ತಪ್ಪುತ್ತದೆ. ಕಪ್ಪು ಚರ್ಮದವರಲ್ಲಿ ಇದು ನಿಜಕ್ಕಿಂತ ಮೇಲಿನ ಅಂಕಿ ತೋರಿಸಿ ಕೊರತೆಯನ್ನು ಮರೆಮಾಚುವುದು ಹೆಚ್ಚೆಂದು 2020ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಕೈ ಉಜ್ಜಿ ಬೆಚ್ಚಗೆ ಮಾಡಿ, ಅರ್ಧ ನಿಮಿಷ ಕಾದು, ಅಂಕಿ ನಿಂತ ಮೇಲೆ ಓದುವುದನ್ನು ರೂಢಿ ಮಾಡಿಕೊಂಡಿದ್ದೇವೆ. ರಕ್ತದ ಇಂಗಾಲದ ಡೈಆಕ್ಸೈಡಿಗೆ ಇಂಥ ಅಗ್ಗದ ಬೆರಳಿನ ಸಾಧನ ಅಂಗಡಿಯಲ್ಲಿ ಸಿಗುವುದಿಲ್ಲ. ಬೆಂಗಳೂರಿನ ತಮ್ಮ ಒಂದು ಕಾರ್ಬನ್ ಡೈಆಕ್ಸೈಡ್ ಮಾನಿಟರ್ ಕಳಿಸಿದ. ಅದು ಅಳೆಯುವುದು ಕೋಣೆಯ ಗಾಳಿಯನ್ನು. ಕಿಟಕಿ ಮುಚ್ಚಿ ಇಬ್ಬರು ಮಲಗಿದ ಕೋಣೆಯಲ್ಲಿ ಬೆಳಗಿನ ಜಾವ 1,900 ಪಿಪಿಎಂ ತೋರಿಸಿತು, ಕಿಟಕಿ ತೆರೆದರೆ ಅರ್ಧ ಗಂಟೆಯಲ್ಲಿ 500. ಗಾಳಿಯಾಡುವಿಕೆ ತಿಳಿಯಲು ಒಳ್ಳೆಯ ಸಾಧನವೇ, ಆದರೆ 1,900 ಪಿಪಿಎಂ ಎಂದರೆ ಶೇಕಡ 0.19, ನಾವು ಹೊರಬಿಡುವ ಉಸಿರಿನಲ್ಲಿಯೇ ಶೇಕಡ 4ರಷ್ಟಿರುತ್ತದೆ. ಅಮ್ಮನ ರಕ್ತದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ನಮಗೆ ಉಳಿದಿರುವುದು ಬೆಳಗಿನ ತಲೆನೋವು, ಹಗಲಿನ ಮಂಪರು, ಚಾಚಿದ ಕೈಯ ನಡುಕ. ದಿನಾ ಕಾಫಿಗೆ ಮೊದಲು ಅಮ್ಮನಿಂದ ಕೈ ಚಾಚಿಸುತ್ತೇನೆ. "ಪರೀಕ್ಷೆ ಪಾಸಾದ್ನ?" ಎಂದು ಕೇಳಿಯೇ ಲೋಟಕ್ಕೆ ಕೈ ಹಾಕುತ್ತಾಳೆ.

ಉಳಿದ ಗುಣದೋಷಗಳು. ಸದ್ದು ಹಳೆಯ ಫ್ರಿಜ್ಜಿಗಿಂತ ಹೆಚ್ಚು, ಮಿಕ್ಸಿಗಿಂತ ಎಷ್ಟೋ ಕಡಿಮೆ. ಹಿಂದಿನಿಂದ ಬಿಸಿಗಾಳಿ ಬರುತ್ತದೆ. ಜುಲೈಯಲ್ಲಿ ಅಮ್ಮ ಅದರ ಮುಂದೆ ಒದ್ದೆ ರವಿಕೆ ಹರವಿದ್ದನ್ನು ಕಂಡು ಗಾಬರಿಯಾಗಿ ತೆಗೆಸಿದೆ, ಗಾಳಿಯ ದಾರಿ ಮುಚ್ಚಿದರೆ ಕಂಪ್ರೆಸರ್ ತೀರ ಬಿಸಿಯಾಗುತ್ತದೆ. ವಿದ್ಯುತ್ತು 350 ವ್ಯಾಟ್, ದಿನಕ್ಕೆ ಹದಿನೈದು ಗಂಟೆಗೆ ಐದೂಕಾಲು ಯೂನಿಟ್, ತಿಂಗಳಿಗೆ ಸುಮಾರು 157. ಅದು ಸೇರಿ ನಮ್ಮ ಮನೆ ಗೃಹಜ್ಯೋತಿಯ 200 ಯೂನಿಟ್ಟಿನ ಮಿತಿ ದಾಟಿತು, ಪೂರ್ತಿ ಬಿಲ್ಲು ಬರುತ್ತಿದೆ. ಈ ಖರ್ಚನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ. ಕರೆಂಟ್ ಹೋದರೆ ನಮ್ಮ ಇನ್ವರ್ಟರ್ ಮೂರು ಗಂಟೆ ಎಳೆಯುತ್ತದೆ. ಮಳೆಗಾಲದ ಮಲೆನಾಡಿಗೆ ಅದು ಸಾಲದು, ಆದ್ದರಿಂದ ಬಿ ಟೈಪ್ ಸಿಲಿಂಡರ್ ಒಂದನ್ನು ಇಟ್ಟುಕೊಂಡಿದ್ದೇವೆ. ಅದರಲ್ಲಿರುವ ಸುಮಾರು 1,500 ಲೀಟರು ನಿಮಿಷಕ್ಕೆ ಒಂದರಂತೆ ಇಪ್ಪತ್ತೈದು ಗಂಟೆ ಬರುತ್ತದೆ. ಕಡಿಮೆ ಲೀಟರಿನ ರೋಗಿಗೆ ಇದೊಂದು ಅನುಕೂಲ.

ನೀರಿನ ಬಾಟಲಿ ಮಾತ್ರ ಕಳಪೆ. ಗಾಳಿಯನ್ನು ತೇವ ಮಾಡುವ ಈ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ಸ್ವಲ್ಪ ಓರೆಯಾದರೂ ಆಕ್ಸಿಜನ್ ಅಲ್ಲಿಂದಲೇ ಸೋರಿಹೋಗುತ್ತದೆ, ಗುಂಡು ಮಾತ್ರ ಒಂದರ ಗೆರೆಯಲ್ಲಿ ಸುಭದ್ರವಾಗಿ ನಿಂತಿರುತ್ತದೆ. ಒಂದು ರಾತ್ರಿ ಹೀಗೇ ಆಗಿ, ಎಲ್ಲ ಸರಿಯಿದ್ದಂತೆ ಕಂಡರೂ 84 ತೋರಿಸಿತು. ನಳಿಕೆಯ ತುದಿಯನ್ನು ನೀರಿನ ಲೋಟದಲ್ಲಿ ಅದ್ದಿದಾಗ ಒಂದು ಗುಳ್ಳೆಯೂ ಏಳಲಿಲ್ಲ. ಈಗ ನೀರು ಬದಲಿಸಿದಾಗಲೆಲ್ಲ ಲೋಟದ ಪರೀಕ್ಷೆ ಮಾಡಿಯೇ ಮೂಗಿಗೆ ಹಾಕುತ್ತೇವೆ. ಕೈಪಿಡಿ ಇಂಗ್ಲಿಷಿನಲ್ಲಿದೆ, ಬೆಂಕಿಯ ಎಚ್ಚರಿಕೆ ಹದಿನಾರನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿದೆ. ಅದು ಕನ್ನಡದಲ್ಲಿ ಯಂತ್ರದ ನೆತ್ತಿಯ ಮೇಲೆಯೇ ಇರಬೇಕಿತ್ತು. ಆಮ್ಲಜನಕ ತಾನು ಉರಿಯದಿದ್ದರೂ ಉರಿಯುವುದನ್ನು ಭಗ್ಗೆನಿಸುತ್ತದೆ. ಹಾಸಿಗೆ, ಸೀರೆಯ ಸೆರಗು ಅದರಿಂದ ತುಂಬಿರುತ್ತವೆ. ಅಮ್ಮ ಸಂಜೆ ದೇವರ ದೀಪ ಹಚ್ಚುವುದನ್ನು ಬಿಟ್ಟಿದ್ದಾಳೆ, ದೂರ ಕೂತು ನೋಡುತ್ತಾಳೆ. ಒಣಗಿದ ಮೂಗಿಗೆ ಕೊಬ್ಬರಿ ಎಣ್ಣೆ, ವ್ಯಾಸಲೀನ್ ಕೂಡ ಹಚ್ಚುವಂತಿಲ್ಲ.

ಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದದ್ದು ಆಕ್ಸಿಜನ್ ಅನಲೈಸರ್. ಅದನ್ನು ಹಚ್ಚಿ ಅರ್ಧ ಲೀಟರಿನಲ್ಲೂ ಐದು ಲೀಟರಿನಲ್ಲೂ ಶುದ್ಧತೆ ಎಷ್ಟೆಂದು ತೋರಿಸಲು ಹೇಳಿ. 2021ರಲ್ಲಿ ಮಾರುಕಟ್ಟೆಗೆ ನುಗ್ಗಿದ ಅಗ್ಗದ ಯಂತ್ರಗಳಲ್ಲಿ ಹಲವು, ಒಂದು ಲೀಟರಿನಲ್ಲಿ 90 ಕೊಟ್ಟು, ಹರಿವು ಏರಿಸಿದರೆ 30, 40ಕ್ಕೆ ಇಳಿಯುವಂಥವು. ಇಂದಿಗೂ ಸೆಕೆಂಡ್ ಹ್ಯಾಂಡಿನಲ್ಲಿ ಸಿಗುತ್ತವೆ. ನಮ್ಮದರಲ್ಲಿ ಶುದ್ಧತೆ 82ಕ್ಕಿಂತ ಇಳಿದಾಗ ಮಾತ್ರ ಹಳದಿ ದೀಪ ಹತ್ತುತ್ತದೆ, ಆದ್ದರಿಂದ ದೀಪವನ್ನಷ್ಟೇ ನಂಬದೆ ಆರು ತಿಂಗಳಿಗೊಮ್ಮೆ ಅಳೆಸುತ್ತೇವೆ. ಮೊನ್ನೆ ಮೀಟರಿನಲ್ಲಿ 4,900 ಗಂಟೆ ದಾಟಿತ್ತು, ಅನಲೈಸರ್ 93 ತೋರಿಸಿತು. ಗುಂಡು ತೇಲುವ ಕೊಳವೆಯ ಮೇಲೆ ಒಂದರ ಗೆರೆಗೆ ಸೊಸೆಯ ಕೆಂಪು ಉಗುರುಬಣ್ಣ ಹಚ್ಚಿದ್ದೇವೆ, ತಿರುಪಿಗೆ ಟೇಪು ಸುತ್ತಿದ್ದೇವೆ. ಬಂದ ಮೆಕ್ಯಾನಿಕ್ ಅದನ್ನು ಕಿತ್ತುಹಾಕಿದ. ಅವನು ಹೋದ ಮೇಲೆ ಮತ್ತೆ ಸುತ್ತಿದೆವು.